ಗಂಗರ ತಾಮ್ರಪಟಗಳಲ್ಲಿ ಲೋಹದ ಸಾಕ್ಷ್ಯ

ತಲಕಾಡಿನ ಗಂಗರ ತಾಮ್ರಶಾಸನಗಳು ದಿಟವಾದುವೋ ಕೂಟವಾದುವೋ ಎಂಬ ವಾದವು ಕನ್ನಡ ನಾಡಿನ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆಲ್ಲ ಪರಿಚಿತವಾದುದೇ. ಬಿ. ಎಲ್. ರೈಸ್ ಅವರು ಮಡಿಕೇರಿಯ ತಾಮ್ರಪಟಗಳನ್ನು ೧೮೭೨ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಮೊದಲನೆಯ ಸಂಪುಟದಲ್ಲಿಯೇ ಬೆಳಕಿಗೆ ತಂದರು. ಜೆ. ಎಫ್. ಫ್ಲೀಟ್ ಅವರು ಅವನ್ನೂ ಅವುಗಳ ಜೊತೆಗೆ ಇನ್ನೂ ಹಲವು ಗಂಗಶಾಸನಗಳನ್ನೂ ಕೂಟವೆಂದು ತಳ್ಳಿಹಾಕಿ, ೧೯೦೧ರಲ್ಲಿ ಅದೇ ಪತ್ರಿಕೆಯಲ್ಲಿ ಹಿಂದೂದೇಶದ ಕೂಟಶಾಸನಗಳ ಪಟ್ಟಿಯೊಂದನ್ನು ಕೊಟ್ಟರು. ರೈಸ್ ಅವರು ೧೯೦೯ರ ತಮ್ಮ ಗ್ರಂಥದಲ್ಲಿಯೂ ಪಟ್ಟು ಬಿಡಲಿಲ್ಲ. ಕಡೆಗೆ ೧೯೧೫ರಲ್ಲಿ ಪೆನುಗೊಂಡೆಯ ಮಾಧವವರ್ಮನ ಶಾಸನವನ್ನು ಫ್ಲೀಟ್ ಅವರೇ ದಿಟವೆಂದು ಒಪ್ಪಿದ ಮೇಲೆ ವಾದದ ಕಾವು ಸ್ವಲ್ಪ ಇಳಿಯಿತು. ಇಷ್ಟೂ ಕಾಲ ಇಬ್ಬರೂ ಸಾಕ್ಷಿಗೆ ಕರೆದುದು ಲಿಪಿಯನ್ನು, ಭಾಷೆಯನ್ನು, ತಿಥಿವಾರಗಳನ್ನು, ವಂಶಾವಳಿಯನ್ನು. ಇವೆಲ್ಲವೂ ತಗಡಿನ ಮೇಲಿರುವುವು. ಆ ತಗಡನ್ನೇ ಯಾರೂ ಮಾತನಾಡಿಸಲಿಲ್ಲ. ಆಗ ಮಾತನಾಡಿಸುವ ಉಪಾಯವೂ ಇರಲಿಲ್ಲವೆನ್ನಿ. ಈಗ ಉಂಟು. ಆ ಉಪಾಯವು ಯಾವುದು, ಅದರಿಂದ ಎಷ್ಟು ಸಿಕ್ಕೀತು, ಎಷ್ಟು ಸಿಕ್ಕದು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ವಾದದ ನೆಲವೆಲ್ಲ ನಮ್ಮ ಕಪಿಲಾ ಕಾವೇರಿಗಳ ಸುತ್ತಲಿನದೇ. ತಲಕಾಡು ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ್ದು. ಶಾಸನಗಳ ತಳವನಪುರವು ಅದೇ. ಮಡಿಕೇರಿಯ ತಾಮ್ರಪಟಗಳಲ್ಲಿ ತಳವನನಗರದ ಶ್ರೀವಿಜಯ ಜಿನಾಲಯಕ್ಕೆ ದತ್ತಿಯಾಗಿ ಬಂದ ಬದನೆಗುಪ್ಪೆಯು ನಂಜನಗೂಡಿಗೂ ಚಾಮರಾಜನಗರಕ್ಕೂ ನಡುವೆ ಇಂದಿಗೂ ಅದೇ ಹೆಸರಿನ ಊರಾಗಿ ಉಳಿದಿದೆ. ಮೊದಲನೆಯ ಗಂಗರಾಜನಿಗೆ ಶಕ ೨೫ನೆಯ ವರ್ಷವನ್ನು ಹೇಳುವ ಕೂಡ್ಲಾಪುರದ ಶಿಲಾಶಾಸನವು ನಂಜನಗೂಡು ತಾಲ್ಲೂಕಿನದು. ಅದರ ಲಿಪಿಯು ಆ ವರ್ಷಕ್ಕಿಂತ ಬಹು ಈಚಿನದೆಂಬುದನ್ನು ಒಪ್ಪದವರು ಈಗ ಇರಲಾರರು. ಈ ಎರಡು ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ೧೮೯೪ರಲ್ಲಿ ಅಚ್ಚಾದುವು. ನರಸೀಪುರದ ಸಂಗಮದಲ್ಲಿ ಕಾವೇರಿ ಕಪಿಲೆಗಳ ಜೊತೆಗೆ ಗುಪ್ತವಾಗಿ ಬಂದು ಸೇರುವ ಮೂರನೆಯ ತೀರ್ಥಕ್ಕೆ ಸ್ಥಳದವರು ಸ್ಫಟಿಕ ಸರೋವರವೆಂದು ಹೆಸರಿಟ್ಟಿದ್ದಾರೆ. ಕಣ್ಣಿಗೆ ಕಾಣದ ಸ್ಫಟಿಕ. ಮುಂದೆ ಹೇಳಬೇಕಾಗಿರುವುದೂ ಅಂಥದೇ ಒಂದು ಸ್ಫಟಿಕದ ವಿಷಯವಾದುದರಿಂದ ಆ ಹೆಸರು ನೆನಪಿಗೆ ಬಂದಿತು. ಬೇರೆ ಸಂಬಂಧವೇನೂ ಇಲ್ಲ.

ರಾಜನು ಭೂದಾನವನ್ನು ಬಟ್ಟೆಯ ಮೇಲಾಗಲಿ ತಾಮ್ರಪಟ್ಟದ ಮೇಲಾಗಲಿ ಬರೆಸಿ ತನ್ನ ಮುದ್ರೆಯನ್ನೊತ್ತಿ ಕೊಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿದ್ದಾನೆ. ಬಟ್ಟೆಯ ಶಾಸನಗಳೆಲ್ಲ ಮಣ್ಣಾದುವು. ತಾಮ್ರವು ಉಳಿಯಿತು. ಗಂಗರ ತಾಮ್ರಪಟಗಳನ್ನು ಕಂಡವರಿಗೆ ಅವುಗಳ ಆಕಾರವು ಮರೆಯುವಂಥದಲ್ಲ. ಉದ್ದನೆಯ ತಗಡುಗಳು, ಒಂದು ತಗಡು ಇನ್ನೊಂದಕ್ಕೆ ಉಜ್ಜಿ ಅಕ್ಷರವು ಸವೆಯದಂತೆ ಅನೇಕವಕ್ಕೆ ಅಂಚನ್ನು ಸ್ವಲ್ಪ ಎತ್ತಿ ಕಟ್ಟಿರುವುದು, ಎಡಗಡೆಯ ರಂಧ್ರದಲ್ಲಿ ಹಾಯಿಸಿದ ಬಳೆ, ಬಳೆಯ ಕೂಡುಗಡೆಯಲ್ಲಿ ಆನೆಯ ಮುದ್ರೆ. ಶ್ರೀಪುರುಷನು ಮಾನ್ಯಪುರದಲ್ಲಿದ್ದಾಗ ಶಕ ೬೯೮ರಲ್ಲಿ, ಎಂದರೆ ಕ್ರಿ. ಶ. ೭೭೬-೭೭ರಲ್ಲಿ, ಹೊರಡಿಸಿದ ದೇವರಹಳ್ಳಿಯ ಶಾಸನವನ್ನು ಬರೆದವನು ವಿಶ್ವಕರ್ಮಾಚಾರ್ಯ. ಶಾಸನದ ಕೊನೆಯಲ್ಲಿ ಬರೆದವನ ಹೆಸರು ಉಂಟು. ತಗಡನ್ನು ಬಡಿದವನ ಹೆಸರು ಎಲ್ಲಿಯೂ ಇಲ್ಲ.

ತಗಡನ್ನು ಮಾಡುವುದಕ್ಕೆ ಎರಡು ದಾರಿಗಳುಂಟು. ಕರಗಿಸಿದ ಲೋಹವನ್ನು ಅಚ್ಚಿನಲ್ಲಿ ಎರೆದು ತಗಡನ್ನಾಗಿಯೇ ತೆಗೆಯಬಹುದು. ಉತ್ತರದೇಶದ ಸೋಹಗೌರದ ಪ್ರಾಚೀನ ಲೋಹಶಾಸನದಲ್ಲಿ ಅಕ್ಷರಗಳು ಸಹ ಎರಕದಲ್ಲಿಯೇ ಮೂಡಿದುವು. ಇನ್ನೊಂದು ದಾರಿ, ಗಟ್ಟಿಯನ್ನು ಎರೆದು ಬಡಿಬಡಿದು ಹರಡಿಸುವುದು. ಒಳ್ಳೆಯ ತಾಮ್ರದ ಲಕ್ಷಣಗಳಲ್ಲಿ ಸುತ್ತಿಗೆಯ ಪೆಟ್ಟನ್ನು ತಾಳಿಕೊಳ್ಳುವುದೂ ಒಂದೆಂದು ನಮ್ಮ ರಸಗ್ರಂಥಗಳು ಎಣಿಸಿರುವುದು ಸುಮ್ಮನೆ ಅಲ್ಲ.

ನಾನು ಹುಡುಗನಾಗಿದ್ದಾಗ ನಂಜನಗೂಡಿನಲ್ಲಿ ಒಬ್ಬ ಮುದುಕ ಕಂಚುಗಾರನು ಕೆಲಸ ಮಾಡುತ್ತಿದ್ದ ಜಗಲಿಯ ಮೇಲೆ, ಪಾಠಶಾಲೆಗೆ ಹೋಗುವ ದಾರಿಯಲ್ಲಿ, ಎಷ್ಟೋ ವೇಳೆಯನ್ನು ಕಳೆದಿದ್ದೇನೆ. ಆತನು ತಾಮ್ರದ ಬಿಲ್ಲೆಯನ್ನು ಅಡೆಗಲ್ಲಿನ ಮೇಲಿಟ್ಟು ತಣ್ಣಗಿರುವಾಗಲೇ ಬಡಿಯುವನು. ಮೊದಲು ಮೊದಲು ಲೋಹವು ಮಣ್ಣಿನಂತೆ ಹರಡುವುದು, ಪೆಟ್ಟಿನ ಸದ್ದೂ ಮಂದವಾಗಿರುವುದು. ಬರಬರುತ್ತ ಸದ್ದು ಕಂಚಿನಂತೆ ಕಿಣಿಕಿಣಿಯೆನ್ನುವುದು, ಲೋಹವು ಹರಡದು. ಆಗ ಆತನು ಸುತ್ತಿಗೆಯನ್ನು ಇಳಿಸಿ, “ಹದ ಹೋಯಿತು, ಬುದ್ಧಿ. ಇನ್ನು ಹೊಡೆದರೆ ಅಂಚು ಸೀಳುತ್ತೆ,” ಎಂದು ಹೇಳಿ ಬಿಲ್ಲೆಯನ್ನು ಕುಲುಮೆಯಲ್ಲಿಟ್ಟು ಕೆಂಪಗೆ ಕಾಯಿಸುವನು. ಕಾಯಿಸಿದುದನ್ನು ನೀರಿನಲ್ಲಿ ಅದ್ದಿದರೆ ಮತ್ತೆ ಮೆತ್ತಗೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುವುದು, ತಾಮ್ರವು ಹಾಗಲ್ಲ, ಇದೇಕೆ ಎಂದು ಕೇಳಿದ್ದಕ್ಕೆ, “ಅದರ ಜಾತಿಯೇ ಬೇರೆ,” ಎಂದುಬಿಟ್ಟನು. ಆ ಉತ್ತರವು ತಪ್ಪೇನೂ ಅಲ್ಲ. ಒಂದು ಕೊಳಗದ ತಳವನ್ನು ಏಳಿಸುವಷ್ಟರಲ್ಲಿ ಈ ಬಡಿತ, ಬೆಂಕಿ, ನೀರು ಅನೇಕ ಸುತ್ತು ನಡೆಯುತ್ತಿದ್ದುವು.

ಹದ ಹೋಗುವುದೆಂದರೇನು? ಲೋಹವು ನೋಡುವುದಕ್ಕೆ ಬೆಣ್ಣೆಯ ಮುದ್ದೆಯಂತೆ ಏಕಾಕಾರವಾಗಿದ್ದರೂ ಒಳಗೆ ಸಣ್ಣ ಸಣ್ಣ ಹರಳುಗಳ ರಾಶಿ. ಉಜ್ಜಿ ನುಣುಪು ಮಾಡಿದ ಉಕ್ಕಿನ ಮೇಲೆ ಆಮ್ಲವನ್ನು ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಅದರ ಒಳಗಟ್ಟನ್ನು ಮೊದಲು ಕಂಡವರು ಷೆಫೀಲ್ಡಿನ ಹೆನ್ರಿ ಸೋರ್ಬಿ, ೧೮೬೩-೬೪ರಲ್ಲಿ. ಆ ಹರಳುಗಳೊಳಗೆ ಪರಮಾಣುಗಳು ಸಾಲುಗಟ್ಟಿವೆಯೆಂಬುದಕ್ಕೆ ಫಾನ್ ಲೌವೆ ೧೯೧೨ರಲ್ಲಿ ಕಂಡುಹಿಡಿದ ಕ್ಷಕಿರಣದ ವಿಧಾನವೇ ಪ್ರಮಾಣ. ತಾಮ್ರದಲ್ಲಿ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿಯೂ ಆರು ಮುಖಗಳ ನಡುವೆಯೂ ಇವೆ. ಒಂದೊಂದು ಹರಳಿನೊಳಗೆ ಈ ಘನಗಳೆಲ್ಲ ಒಂದೇ ಮುಖವಾಗಿ ನಿಂತಿರುವುವು; ಪಕ್ಕದ ಹರಳಿನಲ್ಲಿ ಬೇರೊಂದು ಮುಖವಾಗಿ. ಹರಳುಗಳೆಲ್ಲ ಯಾವ ನಿಯಮವೂ ಇಲ್ಲದೆ ಬೇರೆ ಬೇರೆ ಕಡೆಗೆ ತಿರುಗಿರುವುದುಂಟು; ಬಹುಪಾಲು ಒಂದೇ ಕಡೆಗೆ ಒಲಿದು ನಿಂತಿರುವುದೂ ಉಂಟು. ಈ ಒಲವಿಗೆ ‘ದಿಗ್ವಿನ್ಯಾಸ’ವೆಂದು ಹೆಸರಿಟ್ಟುಕೊಳ್ಳುತ್ತೇನೆ. ಇದಕ್ಕಿಂತ ಒಳ್ಳೆಯ ಮಾತನ್ನು ವಾಚಕರು ಸೂಚಿಸಿದರೆ ಸಂತೋಷ.

ಪೆಟ್ಟು ಬಿದ್ದಾಗ ಹರಳು ಒಡೆಯುವುದಿಲ್ಲ, ಜರುಗುವುದು. ಓಲೆಗರಿಯ ಕಟ್ಟನ್ನು ಪಕ್ಕದಿಂದ ಒತ್ತಿದರೆ ಗರಿಗಳು ಒಂದರ ಮೇಲೊಂದು ಜಾರುವಂತೆ ಪರಮಾಣುಗಳ ಪದರಗಳು ಜಾರುತ್ತವೆ. ತಾಮ್ರದ ಹರಳಿನಲ್ಲಿ ಹಾಗೆ ಜಾರಬಲ್ಲ ಪದರಗಳ ಜಾತಿ ನಾಲ್ಕು, ಒಂದೊಂದರಲ್ಲಿಯೂ ಜಾರುವ ದಿಕ್ಕು ಮೂರು. ಒಟ್ಟು ಹನ್ನೆರಡು ದಾರಿಗಳು. ಅಕ್ಕಪಕ್ಕದ ಹರಳುಗಳಿಂದ ಬಿಟ್ಟುಹೋಗದೆ ಒಂದು ಹರಳು ಬೇಕಾದ ಆಕಾರವನ್ನು ತಾಳಬೇಕಾದರೆ ಇವುಗಳಲ್ಲಿ ಐದಾದರೂ ಒಟ್ಟಿಗೆ ಕೆಲಸ ಮಾಡಬೇಕೆಂದು ಜಿ. ಐ. ಟೇಲರ್ ೧೯೩೮ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಜಾರುವಾಗ ಹರಳು ತನ್ನ ಸ್ಥಾನದಲ್ಲಿಯೇ ಸ್ವಲ್ಪ ತಿರುಗುವುದು. ಓಲೆಯ ಕಟ್ಟು ಜಾರಿದಂತೆಲ್ಲ ವಾಲುವುದನ್ನು ಕಂಡವರಿಗೆ ಇದು ಹೊಸದಲ್ಲ. ಪೆಟ್ಟಿನ ಮೇಲೆ ಪೆಟ್ಟು ಬಿದ್ದ ಹಾಗೆಲ್ಲ ಹರಳುಗಳು ತಿರುಗಿ ತಿರುಗಿ, ಅವುಗಳಲ್ಲಿ ಅನೇಕವು ಘನದ ಮುಖದ ಕರ್ಣರೇಖೆಯನ್ನು ಸುತ್ತಿಗೆ ಬೀಳುವ ದಿಕ್ಕಿಗೆ ಒಡ್ಡಿ ನಿಲ್ಲುತ್ತವೆ. ಉರುಳೆಗಳ ನಡುವೆ ಒತ್ತಿ ತೆಗೆದ ತಗಡಿನಲ್ಲಿ ಒಲವು ಬೇರೆ. ರಂಧ್ರದಲ್ಲಿ ಎಳೆದ ತಂತಿಯಲ್ಲಿ ಇನ್ನೂ ಬೇರೆ. ಅಲ್ಲಿ ಕೆಲವು ಹರಳುಗಳ ಘನದ ಒಳಕರ್ಣವೂ ಕೆಲವುಗಳ ಅಂಚೂ ತಂತಿಯ ಉದ್ದಕ್ಕೆ ಹೊಂದಿಕೊಳ್ಳುತ್ತವೆ. ಹೇಗೆ ಹಿಂಸೆಪಟ್ಟಿತೋ ಹಾಗೆ ನಿಲುವು. ಎರೆದುದೋ, ಬಡಿದುದೋ, ಉರುಳೆಯಲ್ಲಿ ಒತ್ತಿದುದೋ ಎಂಬುದನ್ನು ಹೊರಗಣ ಗುರುತುಗಳೆಲ್ಲ ಅಳಿಸಿಹೋದ ಮೇಲೂ ಒಳಗಣ ದಿಗ್ವಿನ್ಯಾಸದಿಂದ ಹೇಳಬಹುದು.

ಹದ ಹೋಗುವ ಕಾರಣವೂ ಈ ಜರುಗುವಿಕೆಯಲ್ಲಿಯೇ ಇದೆ. ಪದರವು ಒಮ್ಮೆಗೇ ಇಡಿಯಾಗಿ ಜಾರದು. ಅದರಲ್ಲೊಂದು ಸಾಲು ತಪ್ಪಿ, ಆ ತಪ್ಪು ಮುಂದುಮುಂದಕ್ಕೆ ಸರಿಯುವುದು. ಇದನ್ನು ೧೯೩೪ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿಯೇ ಹೇಳಿದರು. ಛಂದಸ್ಸಿನವರ ಯತಿಭಂಗದಂತೆ ಇದನ್ನು ಪಂಕ್ತಿಭಂಗವೆನ್ನೋಣ. ಚೆನ್ನಾಗಿ ಕಾಯಿಸಿ ಆರಿಸಿದ ಲೋಹದಲ್ಲಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷದಷ್ಟಿದ್ದ ಪಂಕ್ತಿಭಂಗಗಳು ಅತಿಯಾಗಿ ಬಡಿದ ಲೋಹದಲ್ಲಿ ಲಕ್ಷ ಕೋಟಿಯವರೆಗೆ ಏರುತ್ತವೆ. ಅವು ಒಂದಕ್ಕೊಂದು ತೊಡಕಿಕೊಂಡು ದಾರಿಯನ್ನು ಕಟ್ಟುತ್ತವೆ, ಲೋಹವು ಗಡುಸಾಗುತ್ತದೆ. ಕುಲುಮೆಯ ಕಾವಿನಲ್ಲಿ ಈ ನುಗ್ಗುನುರಿಯಾದ ಹರಳುಗಳ ನಡುವೆ ಹೊಸ ಹರಳುಗಳು ಮೊಳೆತು ಬೆಳೆದು ಹಳೆಯವನ್ನು ನುಂಗಿಬಿಡುತ್ತವೆ. ತಾಮ್ರದಲ್ಲಿ ಇದಕ್ಕೆ, ಅದರ ಶುದ್ಧಿಯನ್ನೂ ಬಡಿತವನ್ನೂ ಅನುಸರಿಸಿ, ಸಾಮಾನ್ಯವಾಗಿ ೨೦೦ರಿಂದ ೪೦೦ ಡಿಗ್ರಿ ಸೆಂಟಿಗ್ರೇಡಿನ ಕಾವು ಸಾಕು. ಅದು ಕರಗುವುದು ೧೦೮೫ ಡಿಗ್ರಿಯಲ್ಲಿ. ಹೊಸ ಹರಳುಗಳಲ್ಲಿ ಜೋಡಿ ಗೆರೆಗಳ ನಡುವೆ ಯಮಳ ಹರಳುಗಳು ಕಾಣುತ್ತವೆ. ಆಮೇಲೆ ಮತ್ತೆ ಬಡಿದಿದ್ದರೆ ಆ ಗೆರೆಗಳು ಬಾಗಿರುವುವು. ಕಾವು ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡುವುದೆಂದು ಮಾತ್ರ ತಿಳಿಯಬಾರದು. ಉರುಳೆಯಲ್ಲಿ ಬಲವಾಗಿ ಒತ್ತಿದ ತಾಮ್ರದ ತಗಡನ್ನು ಕಾಯಿಸಿದರೆ ಹೊಸ ಹರಳುಗಳಲ್ಲಿ ಬಹುಪಾಲು ಘನದ ಮುಖವನ್ನು ತಗಡಿಗೆ ಸಮನಾಗಿ ಹಾಸಿಕೊಂಡು ಮಲಗುತ್ತವೆ. ಹಳೆಯ ವಿನ್ಯಾಸವು ಹೋಗಿ ಬೇರೊಂದು ವಿನ್ಯಾಸವು ಬರುವುದೆಂದೇ ಹೇಳಬೇಕು.

ಈ ಬಡಿತವನ್ನು ಮಿತಿಯಿಲ್ಲದೆ ಮುಂದುವರಿಸಿದರೆ ಏನಾಗುವುದೆಂಬುದು ಈಚೆಗೆ ಒಂದು ದೊಡ್ಡ ಶಾಸ್ತ್ರವೇ ಆಗಿದೆ. ಬ್ರಿಡ್ಜ್‌ಮನ್ ಅವರು ಅಪಾರವಾದ ಒತ್ತಡದಲ್ಲಿ ಲೋಹದ ಬಿಲ್ಲೆಗಳನ್ನು ತಿರುಚಿ ನೋಡಿದರು. ೧೯೭೦ರ ದಶಕದಲ್ಲಿ ಮಿನ್‌ಸ್ಕಿನ ಸೆಗಾಲ್ ಮತ್ತು ಅವರ ಜೊತೆಯವರು ಮೊಣಕೈಯಂತೆ ಬಾಗಿದ ಕಾಲುವೆಯಲ್ಲಿ ಲೋಹದ ಕಂಬಿಯನ್ನು ತಳ್ಳುವ ಉಪಾಯವನ್ನು ಕಂಡುಹಿಡಿದರು. ಕಂಬಿಯ ಗಾತ್ರವು ಬದಲಾಗದ ಕಾರಣ ಅದನ್ನೇ ಎಷ್ಟು ಸಲ ಬೇಕಾದರೂ ತಳ್ಳಬಹುದು. ಜಪಾನಿನವರು ೧೯೯೦ರ ದಶಕದ ಕೊನೆಯಲ್ಲಿ ತಗಡನ್ನು ಎರಡಾಗಿ ಕತ್ತರಿಸಿ, ಒಂದರ ಮೇಲೊಂದಿಟ್ಟು ಉರುಳೆಯಲ್ಲಿ ಒತ್ತಿ ಬೆಸೆದು, ಮತ್ತೆ ಕತ್ತರಿಸಿ ಒತ್ತುವ ಕ್ರಮವನ್ನು ತಂದರು. ಹತ್ತು ಸಲ ಮಾಡಿದರೆ ಪದರಗಳು ೧೦೨೪. ಹರಳುಗಳು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣವಾಗುತ್ತವೆ. ಇಲ್ಲಿ ಎರಡು ಸಂಗತಿಗಳು ನಮಗೆ ಪ್ರಯೋಜನಕಾರಿ. ತಿರುಚಿದ ಮತ್ತು ಬಾಗುಗಾಲುವೆಯಲ್ಲಿ ತಳ್ಳಿದ ಲೋಹದ ದಿಗ್ವಿನ್ಯಾಸವು ಬಡಿದುದರದಲ್ಲ, ಜಾರಿಕೆಯದು. ಆದುದರಿಂದ ವಿಧಾನಗಳು ಒಂದರೊಡನೊಂದು ಕಲಸಿಹೋಗುವುದಿಲ್ಲ. ಇನ್ನೊಂದು, ಹಿಂಸೆಯು ಹೆಚ್ಚಿದಷ್ಟೂ ಒಲವು ಹೆಚ್ಚುತ್ತಲೇ ಹೋಗುವುದಿಲ್ಲ. ಒಂದು ಹಂತವಾದ ಮೇಲೆ ಹರಳುಗಳು ತುಂಡುತುಂಡಾಗಿ, ತುಂಡುಗಳು ತಮ್ಮ ತಮ್ಮ ಕಡೆಗೆ ತಿರುಗಿ, ಒಲವು ಅಲ್ಲಿಗೇ ನಿಲ್ಲುವುದು. ಕೆಲವು ವೇಳೆ ಸಡಿಲವೂ ಆಗುವುದು. ಈ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹಳ ಕೆಲಸವು ನಡೆದಿದೆ. ಅಲ್ಲಿಯ ಸತ್ಯಂ ಸುವಾಸ್ ಅವರು ರಂಜಿತ್ ಕುಮಾರ್ ರೇ ಅವರೊಡನೆ ೨೦೧೪ರಲ್ಲಿ ಪ್ರಕಟಿಸಿದ ಗ್ರಂಥವು ದಿಗ್ವಿನ್ಯಾಸಕ್ಕೇ ಮೀಸಲಾದುದು. ಹೀಗೆಂದ ಕೂಡಲೆ ನಮ್ಮ ಪ್ರಾಚೀನ ಕಂಚುಗಾರರಿಗೂ ಇದೆಲ್ಲ ಗೊತ್ತಿತ್ತೆಂದು ಯಾರಾದರೂ ಹೊರಟರೆ ನಾನು ಅವರ ಪಕ್ಷದವನಲ್ಲ. ಅವರಿಗೆ ಗೊತ್ತಿದ್ದುದು ಹದ. ಹದವು ಕಡಮೆಯ ವಿದ್ಯೆಯಲ್ಲ. ಅದಕ್ಕೆ ಇಲ್ಲದ ಬಿರುದನ್ನು ಕಟ್ಟಬೇಕಾಗಿಲ್ಲ.

ಇನ್ನು ತಾಮ್ರಪಟಗಳಿಗೆ ಬರೋಣ. ಶಾಸನವನ್ನು ತುಂಡರಿಸಿ ಆಮ್ಲ ಹಚ್ಚಿ ನೋಡುವುದು ಸಲ್ಲದ ಮಾತು. ಕ್ಷಕಿರಣವು ತಾಮ್ರದಲ್ಲಿ ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿಗಿಂತ ಆಳಕ್ಕೆ ಇಳಿಯದೆ ಕಿಲುಬಿನ ಹತ್ತಿರವೇ ನಿಂತುಬಿಡುತ್ತದೆ. ನ್ಯೂಟ್ರಾನುಗಳ ಕಿರಣವಾದರೋ ಇಡೀ ತಗಡನ್ನು ಹಾಯ್ದುಹೋಗುವುದು, ಒಂದು ಗೀರನ್ನೂ ಮಾಡದು. ೧೯೯೧ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನ ತಾಮ್ರದ ಕೊಡಲಿಯ ದಿಗ್ವಿನ್ಯಾಸವನ್ನು ಇಟಲಿಯ ಆರ್ತಿಯೋಲಿ ಮೊದಲಾದವರು ಈ ರೀತಿಯಲ್ಲಿಯೇ ಅಳೆದು, ಅದು ಎರಕದ್ದೋ ಬಡಿತದ್ದೋ ಎಂಬುದನ್ನು ವಿಚಾರಿಸಿ, ೨೦೦೩ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಟ್ರಾಂಬೆಯ ‘ಧ್ರುವ’ ಪರಮಾಣುಸ್ಥಾವರವು ೧೯೮೫ರಿಂದ ಇಂಥ ಕಿರಣವನ್ನು ಒದಗಿಸುತ್ತ ಬಂದಿದೆ.

ಆ ಪರೀಕ್ಷೆಯಿಂದ ಗಂಗರ ತಾಮ್ರಪಟಗಳಲ್ಲಿ ಏನನ್ನು ಕೇಳಬಹುದು? ಎತ್ತಿದ ಅಂಚು ಬಡಿತದಿಂದ ಬಂದುದೇ, ಅಚ್ಚಿನಿಂದಲೇ ಬಂದುದೇ ಎಂಬುದು ಸುಲಭದ ಪ್ರಶ್ನೆ. ಅದಕ್ಕಿಂತ ಮುಖ್ಯವಾದುದು, ಒಂದೇ ಬಳೆಗೆ ಪೋಣಿಸಿದ ತಗಡುಗಳೆಲ್ಲ ಒಂದೇ ಕ್ರಮದಲ್ಲಿ ಸಿದ್ಧವಾದುವೇ ಎಂಬುದು. ನಡುವಣ ತಗಡೊಂದನ್ನು ಬದಲಾಯಿಸಿ ದತ್ತಿಯ ಊರನ್ನೋ ಎಲ್ಲೆಯನ್ನೋ ತಿದ್ದಿರುವರೆಂಬ ಶಂಕೆ ಬಂದಾಗ, ಉಳಿದುವು ಬಡಿದು ಕಾಯಿಸಿದುವಾಗಿದ್ದು ಅದೊಂದು ಮಾತ್ರ ಬೇರೆ ವಿಧವಾಗಿದ್ದರೆ, ಲಿಪಿಯ ವಾದಕ್ಕೆ ಬೆನ್ನಾಸರೆ ಸಿಕ್ಕಿದಂತಾಯಿತು. ಮೂರನೆಯದು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು. ಹಳೆಯ ಶಾಸನದ ಅಕ್ಷರಗಳನ್ನು ಬಡಿದು ಅಳಿಸಿ ಅದೇ ತಗಡಿನ ಮೇಲೆ ಹೊಸದನ್ನು ಕಂಡರಿಸಿರುವ ತಾಮ್ರಪಟಗಳು ನಮ್ಮ ದೇಶದಲ್ಲಿ ಅಪರೂಪವಲ್ಲ. ಉಳಿಯನ್ನು ಹೊಡೆದು ಕೊರೆದ ಅಕ್ಷರದ ಕೆಳಗೆ ಲೋಹವು ಆಳದವರೆಗೆ ನಲುಗಿರುವುದು. ಮೇಲ್ಮೈಯನ್ನು ಸಮ ಮಾಡಿದರೂ ಆ ನಲುಗು ಹೋಗದು. ಕದ್ದ ಬಂದೂಕಿನ ಮೇಲೆ ಅರದಿಂದ ಉಜ್ಜಿಹಾಕಿದ ಅಂಕಿಗಳನ್ನು ಅಪರಾಧಪರೀಕ್ಷಕರು ಮತ್ತೆ ಓದುವುದು ಈ ನಲುಗಿನ ಆಧಾರದ ಮೇಲೆಯೇ.

ಇದರ ಮಿತಿಯನ್ನೂ ಹೇಳಬೇಕು. ದಿಗ್ವಿನ್ಯಾಸವು ಕ್ರಿಯೆಯನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ. ಮಡಿಕೇರಿಯ ಶಾಸನದ ೩೮೮ ಎಂಬ ವರ್ಷವನ್ನು ಶಕವೆಂದು ಹಿಡಿದರೆ ಕ್ರಿ. ಶ. ೪೬೬, ಅಕ್ಷರಗಳಾದರೋ ಶತಮಾನಗಳಷ್ಟು ಈಚಿನವೆಂದು ಲಿಪಿಜ್ಞರು ಹೇಳುತ್ತಾರೆ. ಐದನೆಯ ಶತಮಾನದ ಕಂಚುಗಾರನ ಸುತ್ತಿಗೆಗೂ ಒಂಬತ್ತನೆಯ ಶತಮಾನದವನ ಸುತ್ತಿಗೆಗೂ ತಾಮ್ರದ ಹರಳುಗಳು ಒಂದೇ ರೀತಿಯಾಗಿ ತಿರುಗುತ್ತವೆ. ಕೂಟಶಾಸನವನ್ನು ಮಾಡಿಸಿದವನೂ ಕಂಚುಗಾರನ ಬಳಿಗೇ ಹೋಗಿದ್ದನಷ್ಟೆ. ಉರುಳೆಯಲ್ಲಿ ಒತ್ತಿದ ತಗಡಿನ ಮೇಲೆ ಗಂಗಲಿಪಿಯು ಕಂಡರೆ ಮಾತ್ರ ಅದು ಈಚಿನ ಕಾರಖಾನೆಯ ಸರಕೆಂದು ನಿಸ್ಸಂದೇಹವಾಗಿ ಹೇಳಬಹುದು. ಮಾರಾಟಕ್ಕಾಗಿ ಶಾಸನಗಳನ್ನು ಸೃಷ್ಟಿಸುವವರು ಇರುವ ಈ ಕಾಲದಲ್ಲಿ ಅದೂ ಅಲ್ಪವಾದ ಲಾಭವಲ್ಲ. ಫ್ಲೀಟ್ ಮತ್ತು ರೈಸ್ ಅವರ ವಾದವನ್ನು ಲೋಹವು ತೀರ್ಮಾನಿಸಲಾರದು. ಅವರಿಬ್ಬರೂ ಕಾಣದಿದ್ದ ಬೇರೆ ಪ್ರಶ್ನೆಗಳನ್ನು ಅದು ಮುಂದಿಡುತ್ತದೆ.

ಆದರೆ ಸಾಕ್ಷಿಯು ಬದುಕಿರಬೇಕು. ಕಪಿಲೆಯ ದಡದಲ್ಲಿ ನಂಜನಗೂಡಿಗೂ ನರಸೀಪುರಕ್ಕೂ ನಡುವಣ ಒಂದು ಗ್ರಾಮದ ಮನೆಯಲ್ಲಿ ಮೂರು ತಗಡುಗಳ ಶಾಸನವೊಂದಿದೆ. ಗಂಗರದಲ್ಲ, ಮೈಸೂರು ಒಡೆಯರ ಕಾಲದ್ದು. ಕೆಲವು ವರ್ಷಗಳ ಹಿಂದೆ ಅದನ್ನು ಓದಿಕೊಡಬೇಕೆಂದು ಮನೆಯ ಯಜಮಾನರು ನನ್ನನ್ನು ಕರೆಸಿದರು. ಮೊದಲನೆಯ ತಗಡು ಹಸುರು ಕಿಲುಬಿನಿಂದ ಮುಚ್ಚಿ ಒಂದಕ್ಷರವೂ ಕಾಣದಾಗಿತ್ತು. ಹುಣಿಸೆಹಣ್ಣಿಗೂ ಅದು ಬಗ್ಗಲಿಲ್ಲ. ಯಜಮಾನರು ಅದನ್ನು ಊರಿನ ಕುಲುಮೆಗೆ ಕಳುಹಿಸಿದರು. ಅಲ್ಲಿ ಕೆಂಪಗೆ ಕಾಯಿಸಿ, ನೀರಿನಲ್ಲಿ ಅದ್ದಿ, ಡೊಂಕನ್ನು ನಾಲ್ಕು ಪೆಟ್ಟಿನಲ್ಲಿ ನೇರ ಮಾಡಿ ತಂದುಕೊಟ್ಟರು. ಕಿಲುಬೆಲ್ಲ ಸಿಡಿದುಹೋಗಿ ಅಕ್ಷರಗಳು ನಿನ್ನೆ ಕೊರೆದಂತೆ ಹೊಳೆಯುತ್ತಿದ್ದುವು. “ಬಹಳ ಒಳ್ಳೆಯದಾಯಿತು,” ಎಂದು ನಾನೇ ಹೇಳಿದೆನು. ಹೇಳಿ, ಸಂತೋಷದಿಂದ ಪ್ರತಿಮಾಡಿಕೊಂಡು ಬಂದೆನು. ಆಮೇಲೆ ಒಂದು ದಿನ ಲೋಹಶಾಸ್ತ್ರವನ್ನು ಓದಿದ ನನ್ನ ಸೋದರಳಿಯನಿಗೆ ಈ ಕಥೆಯನ್ನು ಹೆಮ್ಮೆಯಿಂದ ಹೇಳಲು, ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಅಕ್ಷರವನ್ನು ಉಳಿಸಿಕೊಂಡಿರಿ. ತಗಡು ಎರಡು ಮೂರು ಶತಮಾನ ನೆನಪಿಟ್ಟುಕೊಂಡದ್ದನ್ನೆಲ್ಲ ಅರ್ಧ ಗಳಿಗೆಯಲ್ಲಿ ಮರೆಸಿಬಿಟ್ಟಿರಿ,” ಎಂದನು. ಈ ಲೇಖನದ ಲೋಹವಿಚಾರವೆಲ್ಲ ಆ ಸಂಜೆ ಅವನಿಂದ ಕೇಳತೊಡಗಿದ್ದರ ಫಲ.

ಮಠಗಳಲ್ಲಿಯೂ ಅಗ್ರಹಾರದ ಮನೆಗಳಲ್ಲಿಯೂ ತಾಮ್ರಪಟಗಳನ್ನು ಓದಲು ಹೋಗುವ ನಮ್ಮಂಥವರು ಕಿಲುಬಿನ ವಿಷಯದಲ್ಲಿ ಆತುರಪಡದೆ ವಸ್ತುಸಂಗ್ರಹಾಲಯದ ರಸಾಯನಜ್ಞರನ್ನು ಕೇಳಬೇಕು. ತಗಡಿನ ಡೊಂಕನ್ನು ಹಾಗೆಯೇ ಬಿಡಬೇಕು. ಮೇಲೆ ಹೇಳಿದ ಮನೆಯ ಉಳಿದ ಎರಡು ತಗಡುಗಳು ಕಿಲುಬಿನೊಡನೆಯೇ ದೇವರ ಮನೆಯ ಪೆಟ್ಟಿಗೆಯಲ್ಲಿ, ಮಡಿಸಿದ ಹಳೆಯ ರೇಷ್ಮೆಯ ತುಂಡಿನಲ್ಲಿ ಇವೆ. ಅವುಗಳಲ್ಲಿ ಎರಡನೆಯದರ ಹಿಂಬದಿಯ ಮೂರು ಸಾಲು ನನಗೆ ಇನ್ನೂ ಓದಲಾಗಿಲ್ಲ.